ತಟ್ಟದ ಬಾಗಿಲು

ಪಿಎಚ್‌ಡಿ ಗೈಡ್‌ನ ಕೋಣೆಯ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಯಾವಳಾದರೂ ಕುರ್ಚಿ ಅಡ್ಡ ಇಟ್ಟರೆ ಅವನೇ ಎದ್ದುಬಂದು ಸರಿಸುತ್ತಿದ್ದ. ಪ್ರಬಂಧದ ಅಧ್ಯಾಯ ಹಿಡಿದು ಹೋದವಳು ಅವನ ಪಕ್ಕದಲ್ಲೇ ನಿಲ್ಲಬೇಕು. ಅವನ ಕೈ ಪುಟದ ಮೇಲಿಂದ ಎಲ್ಲಿಗೆ ಸರಿಯುತ್ತದೆಂದು ರಸಾಯನಶಾಸ್ತ್ರ ವಿಭಾಗದ ಹುಡುಗಿಯರಿಗೆಲ್ಲ ಗೊತ್ತಿತ್ತು. ಅವನ ಸಹಿಯಿಲ್ಲದೆ ಡಾಕ್ಟರೇಟ್ ಇಲ್ಲ ಎಂಬುದೂ ಗೊತ್ತಿತ್ತು.

ಅದಕ್ಕೇ ಅವರು ಪಾಳಿ ಮಾಡಿಕೊಂಡಿದ್ದರು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ತುಸು ಹೊತ್ತಿಗೆ ಬಾಗಿಲು ತಟ್ಟಿ, "ಸರ್, ತಕ್ಕಡಿ ಕೆಟ್ಟಿದೆ" ಎನ್ನಬೇಕು. ಲ್ಯಾಬಿನಲ್ಲಿ ಆ ತಕ್ಕಡಿಯಷ್ಟು ಸಲ ಕೆಟ್ಟ ಯಂತ್ರ ಇನ್ನೊಂದಿರಲಿಲ್ಲ. ರಿಪೇರಿಯವನು ಮಾತ್ರ ಒಮ್ಮೆಯೂ ಬಂದವನಲ್ಲ.

ಪಾಳಿ ಶುರುಮಾಡಿದವಳು ಎಲ್ಲರಿಗಿಂತ ಹಿರಿಯಳು. ಎಲ್ಲರ ಬಾಯಲ್ಲೂ ದೊಡ್ಡಕ್ಕ. ತಾಯಿ ಗಾರ್ಮೆಂಟ್ಸ್‌ನಲ್ಲಿ ಕಾಜಾ ಹೊಲಿದು ಅವಳನ್ನು ಓದಿಸಿದ್ದಳು. ಅವಳ ಡಾಕ್ಟರೇಟಿನ ಅಂತಿಮ ಸಂದರ್ಶನ ಬರುವ ಸೋಮವಾರವಿತ್ತು.

ಗುರುವಾರ ಗೈಡ್ ಅವಳನ್ನು ಕಾರಿಡಾರಿನಲ್ಲಿ ನಿಲ್ಲಿಸಿದ.

"ಸೋಮವಾರ ಎಲ್ಲಾ ಸರಿಯಾಗಿ ಆಗ್ಬೇಕಲ್ವಾ?"

"ಹೌದು ಸರ್."

"ಹಾಗಾದ್ರೆ ಇವತ್ತು ಆ ತಕ್ಕಡಿ ಕೆಡೋದು ಬೇಡ."

ಅವನು ನಕ್ಕ. ಅವಳೂ ನಕ್ಕಳು.

ಅಂದು ಒಳಗೆ ಹೋಗಬೇಕಿದ್ದವಳು ಹೊಸದಾಗಿ ಸೇರಿದ ಹುಡುಗಿ, ಪುಟ್ಟಿ. ತಟ್ಟುವ ಪಾಳಿ ದೊಡ್ಡಕ್ಕನದು. "ನೀವಿದ್ದೀರಲ್ಲ ಅಕ್ಕಾ, ನಂಗೇನ್ ಭಯ?" ಎಂದು ಹೋದಳು.

ದೊಡ್ಡಕ್ಕ ತಟ್ಟಲು ಕೈ ಎತ್ತಿದಳು. ಇಳಿಸಿದಳು. ಒಳಗೆ ಕುರ್ಚಿ ಉರುಳಿತು. "ಬೇಡ ಸರ್" ಎಂಬ ಮಾತು ಕೇಳಿಸಿತು. ಅವಳು ಲ್ಯಾಬಿಗೆ ಓಡಿ, ತೊಳೆದಿಟ್ಟಿದ್ದ ಬೀಕರುಗಳನ್ನೇ ಮತ್ತೆ ತೊಳೆಯತೊಡಗಿದಳು. ಬೇರೇನೂ ಕೇಳಿಸದ ಹಾಗೆ ನಲ್ಲಿಯನ್ನು ಪೂರ್ತಿ ತಿರುಗಿಸಿದಳು.

ಆಮೇಲೆ ಲ್ಯಾಬಿಗೆ ಬಂದ ಪುಟ್ಟಿಯ ಕುರ್ತಾದ ತೋಳಿನ ಹೊಲಿಗೆ ಬಿಚ್ಚಿತ್ತು.

"ತಟ್ಟಲಿಲ್ಲ ನೀವು."

ದೊಡ್ಡಕ್ಕ ನಲ್ಲಿ ನಿಲ್ಲಿಸಿದಳು.

ಪುಟ್ಟಿ ಅಂದೇ ದೂರು ಕೊಟ್ಟಳು. ಸುದ್ದಿ ಹೊರಗೆ ಹೋಗುವ ಮುನ್ನ ಮುಗಿಸುವ ಆತುರದಲ್ಲಿ ಮರುದಿನವೇ ವಿಚಾರಣಾ ಸಮಿತಿ ಕೂತಿತು. "ಹುಡುಗಿ ಎಡವಿ ಬಿದ್ದಳು. ಹೊರಗೆ ನನ್ನ ಸೀನಿಯರ್ ವಿದ್ಯಾರ್ಥಿನಿ ಇದ್ದಳು, ಕೇಳಿ" ಎಂದ ಗೈಡ್. ಅವಳ ಮೇಲೆ ಅವನಿಗೆ ಅಷ್ಟು ನಂಬಿಕೆ.

ಅಂದು ಬೆಳಿಗ್ಗೆಯಷ್ಟೇ ದೊಡ್ಡಕ್ಕನಿಗೆ ತಾಯಿ ಫೋನು ಮಾಡಿದ್ದಳು. "ಸೋಮವಾರ ರಜೆ ಹಾಕಿದ್ದೀನಿ ಕಣೇ. ಡಾಕ್ಟ್ರಮ್ಮನ ತಾಯಿ ಹಳೇ ಸೀರೇಲಿ ಬಂದ್ರೆ ನಿಂಗೆ ಮರ್ಯಾದೇನಾ?"

ಸಮಿತಿಯ ಅಧ್ಯಕ್ಷೆ ದೊಡ್ಡಕ್ಕನನ್ನು ಕೇಳಿದರು: "ಒಳಗಡೆ ಏನಾದ್ರೂ ಕೇಳಿಸ್ತಾ?"

"ಕೇಳಿಸ್ತು ಮೇಡಂ. ಕೇಳಿಸಿದ್ದಕ್ಕೇ ಓಡಿಹೋದೆ."

ಗೈಡ್ ತಲೆಯೆತ್ತಿದ.

"ಬಾಗಿಲು ತಟ್ಟಬೇಡ ಅಂತ ಸರ್ ನನಗೆ ಮೊದ್ಲೇ ಹೇಳಿದ್ರು. ಸೋಮವಾರ ಕೆಟ್ಟುಹೋಗುತ್ತೆ ಅಂತ ಸುಮ್ಮನಾದೆ. ಅವಳನ್ನ ಕೊಟ್ಟು ನನ್ನ ಉಳಿಸ್ಕೊಂಡೆ. ಅದನ್ನೂ ಬರ್ಕೊಳ್ಳಿ."

"ನಿನ್ನ ಡಿಗ್ರಿ ಗತಿ ಏನಾಗುತ್ತೆ ಗೊತ್ತಾ?" ಎಂದರು ಅಧ್ಯಕ್ಷೆ.

"ಈ ಡಿಪಾರ್ಟ್‌ಮೆಂಟಲ್ಲಿ ಮೊದಲು ಕಲಿಸೋದೇ ಅದನ್ನ ಮೇಡಂ."

ಹೊರಗೆ, ಒಳಗಿನ ಮಾತು ಕೇಳಿಸುವಷ್ಟು ಹತ್ತಿರದ ಬೆಂಚಿನ ಮೇಲೆ ಪುಟ್ಟಿ ಕೂತಿದ್ದಳು. ದೊಡ್ಡಕ್ಕ ಪಕ್ಕದಲ್ಲಿ ಕೂರಲು ಹೋದಾಗ ಪುಟ್ಟಿ ತನ್ನ ಚೀಲವನ್ನು ಅಲ್ಲಿಟ್ಟಳು. ದೊಡ್ಡಕ್ಕ ನಿಂತೇ ಇದ್ದಳು. ಅಷ್ಟರಲ್ಲಿ ಲ್ಯಾಬಿನ ಹುಡುಗಿಯರೆಲ್ಲ ಬಂದರು. ಕೆಲವರು ಇನ್ನೂ ಏಪ್ರನ್ ಬಿಚ್ಚಿರಲಿಲ್ಲ. ನಮಗೂ ಹೇಳುವುದಿದೆ ಎಂದರು.

ಅಧ್ಯಕ್ಷೆ ಬಾಗಿಲಿಗೆ ಬಂದು, "ಇವತ್ತಿಗೆ ಸಾಕು. ಉಳಿದವರು ಮುಂದಿನ ವಾರ ಬನ್ನಿ" ಎಂದರು.

ಪುಟ್ಟಿ ಎದ್ದು ನಿಂತಳು.

"ಮುಂದಿನ ವಾರದೊಳಗೆ ಒಬ್ಬೊಬ್ಬರಿಗೂ ಒಂದೊಂದು ಸೋಮವಾರ ತೋರಿಸ್ತಾರೆ ಮೇಡಂ. ಈಗಲೇ ಬರ್ಕೊಳ್ಳಿ."