ಇಸ್ತ್ರಿಯಕ್ಕನ ಗದ್ಯಭಾಗ

ಲೆಕ್ಕ ಒಲಿಯಿತು, ವಿಜ್ಞಾನ ಒಲಿಯಿತು, ಇಸ್ತ್ರಿಯಕ್ಕನಿಗೆ ಕೈಕೊಟ್ಟದ್ದು ಗದ್ಯಭಾಗ. "ಕೆಳಗಿನ ಗದ್ಯಭಾಗವನ್ನು ಓದಿ ಉತ್ತರಿಸಿ" ಎಂಬ ಸಾಲು ಕಂಡರೆ ಸಾಕು, ಅವಳ ಮುಖ ಸಣ್ಣದಾಗುತ್ತಿತ್ತು.

ಐವತ್ತಕ್ಕೆ ಎರಡೇ ವರ್ಷ ಬಾಕಿ. ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹಾಸಿಗೆ ಹೊದಿಕೆಗಳಿಗೂ ಡಾಕ್ಟರುಗಳ ಕೋಟುಗಳಿಗೂ ಇಸ್ತ್ರಿ ಹಾಕುತ್ತ ಬಂದವಳು; ಹೆಸರಿಗಿಂತ ಇಸ್ತ್ರಿಯಕ್ಕ ಎಂದರೇ ಅಲ್ಲಿ ಎಲ್ಲರಿಗೂ ಗುರುತು. ತಾಯಿ ಹಾಸಿಗೆ ಹಿಡಿದಾಗ ಮೂವರು ತಮ್ಮಂದಿರನ್ನು ನೋಡಿಕೊಳ್ಳಲು ಎಂಟನೇ ತರಗತಿಗೇ ಶಾಲೆ ಬಿಟ್ಟಿದ್ದಳು. ಈಗ, ಶಾಲೆಗೆ ಹೋಗದೆಯೂ ಕಟ್ಟಬಹುದಾದ ಹತ್ತನೇ ತರಗತಿ ಪರೀಕ್ಷೆಯ ಅರ್ಜಿಯನ್ನು ಯಾರಿಗೂ ಹೇಳದೆ ತಂದು ಬೀರುವಿನಲ್ಲಿ ಟವೆಲ್ಲುಗಳ ಅಡಿಯಲ್ಲಿ ಇಟ್ಟಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆಯ ಕಣ್ಣಿಗೆ ಅದು ಬಿತ್ತು. ಅವಳು ಪೆನ್ನು ತಂದು ಅತ್ತೆಯ ಮುಂದಿಟ್ಟಳು. ಅಂದಿನಿಂದ ಸೊಸೆಯೇ ಮೇಷ್ಟ್ರು.

ಮೊದಲ ಗದ್ಯಭಾಗದಲ್ಲಿ ಒಬ್ಬ ಅಂಬಿಗನಿದ್ದ. ಅವನು ದೋಣಿಯನ್ನು ಏಕೆ ಮಾರಿದನು ಎಂಬುದು ಪ್ರಶ್ನೆ. ಇಸ್ತ್ರಿಯಕ್ಕ ಬರೆದಳು: "ಅವನಿಗೆ ಬೆನ್ನುನೋವು ಇತ್ತು."

ಸೊಸೆ ನಗು ತಡೆದುಕೊಂಡಳು. "ಅತ್ತೆ, ಬೆನ್ನುನೋವು ಎಲ್ಲಿದೆ ಇದ್ರಲ್ಲಿ? ತೋರಿಸಿ ನೋಡೋಣ."

"ಮೂವತ್ತು ವರ್ಷ ಹುಟ್ಟು ಹಾಕಿದಾನೆ ಅಂತ ಬರೆದಿಲ್ವಾ? ಬೆನ್ನು ನೋಯದೆ ಇರುತ್ತಾ? ನನ್ನನ್ನ ಕೇಳು, ಹೇಳ್ತೀನಿ."

"ನದಿಗೆ ಸೇತುವೆ ಬಂತು, ದೋಣಿಗೆ ಯಾರೂ ಬರಲಿಲ್ಲ ಅಂತ ಎರಡನೇ ಸಾಲಲ್ಲೇ ಇದೆ."

"ಅದೂ ಇರಬಹುದು. ಬರೆದೋನು ಎಂದಾದ್ರೂ ಮೈ ಬಗ್ಗಿಸಿ ದುಡಿದಿದ್ರೆ ಬೆನ್ನಿನ ವಿಷಯಾನೂ ಬರೀತಿದ್ದ."

"ನಿಮಗೆ ಅವನಿಗಿಂತ ಜಾಸ್ತಿ ಗೊತ್ತು, ಒಪ್ಪಿದೆ. ಆದ್ರೆ ಪೇಪರ್ ತಿದ್ದೋರಿಗೆ ಬೇಕಾಗಿರೋದು ಅವನು ಹೇಳಿದ್ದು. ಪ್ರತಿ ಉತ್ತರಕ್ಕೂ ಒಂದು ಸಾಲಿನ ಮೇಲೆ ಬೆರಳಿಡಿ. ಬೆರಳಿಡೋಕೆ ಜಾಗ ಸಿಗ್ಲಿಲ್ಲ ಅಂದ್ರೆ ಆ ಉತ್ತರ ನಿಮ್ಮ ಮನಸ್ಸಿಂದ ಬಂದಿದ್ದು, ಪುಸ್ತಕದ್ದಲ್ಲ."

ಇಸ್ತ್ರಿಯಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಪುಸ್ತಕ ಮುಚ್ಚಿದವಳು ಮೂರು ದಿನ ಅದರ ತಂಟೆಗೇ ಹೋಗಲಿಲ್ಲ. ಸೊಸೆಯೂ ಕರೆಯಲಿಲ್ಲ. ನಾಲ್ಕನೆಯ ದಿನ ಸಂಜೆ, ಬೀನ್ಸ್ ಮುರಿಯುತ್ತ ಕುಳಿತ ಸೊಸೆಯ ಎದುರು ಕುರ್ಚಿ ಎಳೆದುಕೊಂಡು, "ಆ ಅಂಬಿಗನ ಹಾಳೆ ಕೊಡು ಇಲ್ಲಿ" ಎಂದಳು.

ಅಲ್ಲಿಂದ ಮುಂದೆ ಕೈಗೆ ಸಿಕ್ಕಿದ್ದೆಲ್ಲ ಗದ್ಯಭಾಗವಾಯಿತು. ಬಸ್ ಟಿಕೆಟಿನ ಹಿಂಬದಿ, ಟೀ ಪುಡಿಯ ಪೊಟ್ಟಣ, ಲಿಫ್ಟಿನ ಬಾಗಿಲಿನ ಸೂಚನೆ, ಯಾವುದನ್ನೂ ಬಿಡದೆ ಬೆರಳಿಟ್ಟು ಓದಿದಳು. ತೀರಾ ಕಾಡಿದ್ದು "ಇದರಿಂದ ಏನು ತಿಳಿಯುತ್ತದೆ" ಎಂಬ ಬಗೆಯ ಪ್ರಶ್ನೆ. "ಉತ್ತರ ಒಂದು ಸಾಲಲ್ಲಿ ಅರ್ಧ, ಇನ್ನೊಂದರಲ್ಲಿ ಅರ್ಧ ಇರುತ್ತೆ ಅತ್ತೆ. ನೀವು ಜೋಡಿಸ್ಬೇಕು" ಎಂದು ಸೊಸೆ ಹೇಳಿಕೊಟ್ಟಳು.

ಪರೀಕ್ಷೆಗೆ ಎರಡು ವಾರವಿದ್ದಾಗ ಆಸ್ಪತ್ರೆಗೆ ಹೊಸ ಬ್ಲೀಚ್ ಬಂತು. ಹಳೆಯದು ಕ್ಲೋರಿನ್ ಇಲ್ಲದ ಪುಡಿ, ಇದು ನೀಲಿ ಡಬ್ಬಿಯ ಕ್ಲೋರಿನ್ ದ್ರವ. ರಕ್ತದ ಕಲೆಗೆ ಬ್ಲೀಚು, ಮಂಚದ ತುಕ್ಕಿನ ಕಲೆಗೆ ಬೇರೊಂದು ದ್ರವ, ಎರಡನ್ನೂ ಒಟ್ಟಿಗೇ ಯಂತ್ರಕ್ಕೆ ಸುರಿಯುವುದು ಅಲ್ಲಿನ ವಾಡಿಕೆ. ಮೇಲ್ವಿಚಾರಕ ಅವಸರದಲ್ಲಿದ್ದ. "ಎಂದಿನ ಹಾಗೇ ಹಾಕಿ" ಎಂದು ತಾನೇ ಮಗ್ಗು ಎತ್ತಿಕೊಂಡ.

ಇಸ್ತ್ರಿಯಕ್ಕನ ಬೆರಳು ಆಗಲೇ ನೀಲಿ ಡಬ್ಬಿಯ ಮೇಲಿತ್ತು. ಇರುವೆಯಂಥ ಅಕ್ಷರ. ನಾಲ್ಕನೇ ಸಾಲಿಗೆ ಬರುತ್ತಲೇ ಬೆರಳು ನಿಂತಿತು: ಆಮ್ಲವಿರುವ ಯಾವುದರ ಜೊತೆಗೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ತುಕ್ಕಿನ ದ್ರವದಲ್ಲಿ ಆಮ್ಲವಿದೆಯೇ? ಈ ಡಬ್ಬಿ ಅದನ್ನು ಹೇಳಲಿಲ್ಲ. ಅವಳು ಓಡಿಹೋಗಿ ತುಕ್ಕಿನ ಕ್ಯಾನನ್ನು ತಿರುಗಿಸಿದಳು. ಹಿಂಬದಿಯ ಕೊನೆಯಲ್ಲಿ ಆಮ್ಲವಿದೆ ಎಂದು ಬರೆದಿತ್ತು.

"ಸಾರ್, ನಿಲ್ಲಿಸಿ! ಹಾಕ್ಬೇಡಿ!"

"ಏನಕ್ಕಾ ನಿಮ್ದು? ಇಷ್ಟು ವರ್ಷ ಹಾಕಿಲ್ವಾ?"

"ಇಷ್ಟು ವರ್ಷ ಹಾಕಿದ್ದು ಬೇರೆ ಪುಡಿ. ಇಲ್ಲಿ ನಾಲ್ಕನೇ ಸಾಲು ಓದಿ. ಆಮೇಲೆ ಇದರ ಕೊನೇ ಸಾಲು. ಎರಡನ್ನೂ ಜೋಡಿಸಿ."

ಅವನು ಮುಖ ಗಂಟಿಕ್ಕಿಕೊಂಡೇ ಓದಿದ. ಓದಿ ಮುಗಿಸಿದವನು ಮಗ್ಗನ್ನು ಮೆಲ್ಲಗೆ ಕೆಳಗಿಟ್ಟ. ಕಿಟಕಿಯೇ ಇಲ್ಲದ ಆ ಕೋಣೆಯಲ್ಲಿ ಆಗ ಒಂಬತ್ತು ಹೆಂಗಸರು ಕೆಲಸ ಮಾಡುತ್ತಿದ್ದರು.

"ಅಕ್ಕಾ, ಇದನ್ನ ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸ್ತೀರಾ?" ಎಂದ ಅವನು. ಅವನ ದನಿ ಇಳಿದಿತ್ತು.

ಬರೆದಳು. ತನ್ನ ಕೈಬರಹವನ್ನು ಗೋಡೆಯ ಮೇಲೆ ನೋಡುತ್ತ ನಿಂತಳು. ಮನೆಗೆ ಬಂದು ಹೇಳಿದಾಗ ಸೊಸೆ ಅತ್ತೆಯ ಎರಡೂ ಕೈ ಹಿಡಿದು, "ಪರೀಕ್ಷೆ ಕಥೆ ಬಿಡಿ. ನೀವಂತೂ ಇವತ್ತೇ ಪಾಸು" ಎಂದಳು.

"ಬಿಡೋಕಾಗುತ್ತಾ? ಅರ್ಜಿ ಹಾಕಿದ್ದು ಸುಮ್ನೇನಾ?"

ಪರೀಕ್ಷೆಯ ಕೋಣೆಯಲ್ಲಿ ಅವಳ ಮೊಣಕಾಲು ಚಿಕ್ಕ ಬೆಂಚಿಗೆ ತಾಗುತ್ತಿತ್ತು. ಅಕ್ಕಪಕ್ಕ ತನ್ನ ಮಗನಿಗಿಂತಲೂ ಚಿಕ್ಕವರು. ಗದ್ಯಭಾಗದಲ್ಲಿ ಒಬ್ಬ ಹೆಂಗಸು ಊರಿನ ಗಡಿಯಾರ ರಿಪೇರಿ ಮಾಡುತ್ತಿದ್ದಳು. ಅವಳ ಬಗ್ಗೆ ಇಸ್ತ್ರಿಯಕ್ಕನಿಗೆ ಹೇಳಲು ಬೇಕಾದಷ್ಟಿತ್ತು. ಅಷ್ಟನ್ನೂ ನುಂಗಿಕೊಂಡು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಬರೆದಳು.

ಫಲಿತಾಂಶ ಬಂದ ದಿನ ಭಾನುವಾರ. ಸೊಸೆಯ ಫೋನಿನ ಪರದೆಯನ್ನು ಕನ್ನಡಕ ಏರಿಸಿಕೊಂಡು ತಾನೇ ಓದಿದಳು: ಎಲ್ಲ ವಿಷಯಗಳಲ್ಲೂ ತೇರ್ಗಡೆ, ಭಾಷೆಗೆ ಎಪ್ಪತ್ತೊಂದು. ಮತ್ತೊಮ್ಮೆ ಓದಿದಳು. ಸೊಸೆ ಅಷ್ಟರಲ್ಲಿ ಮೆಟ್ಟಿಲ ಬಳಿ ನಿಂತು ಮೇಲಿನವರಿಗೂ ಕೆಳಗಿನವರಿಗೂ ಕೇಳುವಂತೆ, "ನಮ್ಮತ್ತೆ ಹತ್ತನೇ ಕ್ಲಾಸು ಪಾಸು!" ಎಂದು ಕೂಗುತ್ತಿದ್ದಳು.

"ಸಾಕು ಮಾಡೇ, ಬೀದಿಯೆಲ್ಲ ಕೇಳುತ್ತೆ" ಎಂದಳು ಇಸ್ತ್ರಿಯಕ್ಕ. ಆದರೆ ಬಾಗಿಲು ಹಾಕಲು ಏಳಲಿಲ್ಲ. ಎದುರು ಮನೆಯವರು ಹೊರಗೆ ಬಂದು ಏನಾಯಿತೆಂದು ವಿಚಾರಿಸಿದಾಗ, ತಲೆಗೂದಲು ಸರಿಮಾಡಿಕೊಂಡು, ನೆಟ್ಟಗೆ ಕುಳಿತುಕೊಂಡಳು.