ಕಾಯೋಟಿಗೆ ಬಾಲ ಬಂದದ್ದು

ಕಾಯೋಟೀ — ಹಾಗಂದನಲ್ಲ ಡೆಲ್ಮರ್, ಈಗಷ್ಟೇ ಫೋನಿನಲ್ಲಿ, ಕೊನೆಗೆ ಟೀ ಅಂತ ಬಾಲ ಎಳೆದು, ವರ್ಲಿನ್‌ನ ಕಿವಿ ಚುರ್ರೆಂದಿತು, ಇಪ್ಪತ್ತೆರಡು ಚಳಿಗಾಲ ಒಟ್ಟಿಗೆ ಬೇಟೆಯಾಡಿದ ಮನುಷ್ಯ, ಹುಟ್ಟಿದಾಗಿನಿಂದ ಕಾಯೋಟ್ ಅಂತ ಮೊಟಕಾಗಿ ಅಂದವನು, ನೆಬ್ರಾಸ್ಕಾದ ಈ ಮರಳುಗುಡ್ಡಗಳಲ್ಲಿ ಕೋವಿ ಹಿಡಿದವರೆಲ್ಲ ಅನ್ನುವುದು ಹಾಗೆಯೇ, ಬಾಲ ಎಳೆಯುವವರು ಪೇಟೆಯವರು, ಟಿವಿ ನೋಡಿ ಕಲಿತವರು, ಎಳೇ ಕರುವಿನ ಹೊಟ್ಟೆ ಬಗೆಯುವ ಕಾಡುನಾಯಿಯನ್ನು ಮುದ್ದಿನ ಹೆಸರಿನಲ್ಲಿ ಕರೆಯುವವರು — ಯಾರ ಜೊತೆ ಮಾತಾಡಿದೆಯೋ ನೀನು, ಯಾರ ಬಾಯಿಂದ ಅಂಟಿಸಿಕೊಂಡೆ? ಕೇಳಬೇಕಿತ್ತು, ಕೇಳಲಿಲ್ಲ, ಫೋನು ಇಟ್ಟಾಯಿತು, ಮೇಜಿನ ಮೇಲೆ ವಯೋಮಿಂಗ್‌ನ ನಕ್ಷೆ ಮೈಚಾಚಿ ಬಿದ್ದಿದೆ, ನಾಲ್ಕೂ ಮೂಲೆಗೆ ಕಾಫಿ ಲೋಟ, ಬರುವ ಶುಕ್ರವಾರ ಹೊರಡುವುದು, ನಾಲ್ಕು ದಿನ, ಅಲ್ಲಿ ಕಾಯೋಟ್ ಹೊಡೆಯಲು ಲೈಸೆನ್ಸ್ ಬೇಡ, ಸರ್ಕಾರದ ಬಯಲಲ್ಲಿ ಮಲಗಿದರೆ ಬಾಡಿಗೆ ಬೇಡ, ಪಿಕಪ್‌ನ ಹಿಂದೆ ಇಬ್ಬರಿಗೆ ಸಾಲುವಷ್ಟು ಪ್ಲೈವುಡ್ ಮಂಚ ವರ್ಲಿನ್ನೇ ಜಡಿದಿದ್ದಾನೆ, ನೀರಿಗೆ ಖಾಲಿ ಹಾಲಿನ ಕ್ಯಾನುಗಳು, ಊಟಕ್ಕೆ ಹೆಂಡತಿ ಆರ್ಲಿಸ್ ಬೆಳಗಿನಿಂದ ಒಲೆಯ ಮುಂದೆ ನಿಂತು ಎಲೆಕೋಸು, ದನದ ಮಾಂಸ ತುಂಬಿದ ಬನ್ನು ಕಟ್ಟುತ್ತಿದ್ದಾಳೆ, ಫ್ರೀಜ್ ಮಾಡಿ ಕೊಟ್ಟರೆ ಎಂಜಿನ್ ಮೇಲಿಟ್ಟು ಬಿಸಿ ಮಾಡಿಕೊಳ್ಳಬಹುದು, ಹೋಟೆಲಿನವನ ಮುಖ ನೋಡಬೇಕಾಗಿಲ್ಲ. ಎಲ್ಲ ಪ್ರತಿ ವರ್ಷದಂತೆಯೇ ಇತ್ತು, ಡೆಲ್ಮರ್ ನಿನ್ನೆ ಟಪಾಲು ಡಬ್ಬಿಗೆ ಹಾಕಿಹೋದ ಪಟ್ಟಿ ಕೈಗೆ ಸಿಗುವವರೆಗೆ.

ಕೂರಲು ಹಳೇ ಕಾರ್ಪೆಟ್ ತುಂಡು, ಸರಿ, ಕಾಯೋಟ್ ಹತ್ತಿರ ಬರಲೆಂದು ಮೊಲದ ಕೂಗು ಊದುವ ಸೀಟಿ, ಸರಿ, ಒಂದು ಒಡೆದರೆ ಇರಲೆಂದು ಇನ್ನೊಂದು, ಅದೂ ಸರಿ, ಕೊನೆಯಲ್ಲಿ ಅಡ್ಡಗೆರೆ ಎಳೆದು — ಕಿತ್ತಳೆ ಬಣ್ಣದ ಟೋಪಿ, ಎರಡು. ಕಿತ್ತಳೆ! ಗಡಿಯಾರದ ಗಾಜು ಹೊಳೆದೀತೆಂದು ಬಿಚ್ಚಿಡುವವರು ನಾವು, ಕೆಮ್ಮು ಬಂದರೆ ತೋಳು ಕಚ್ಚಿಕೊಳ್ಳುವವರು, ಹಿಮದ ನಡುವೆ ಹಣ್ಣಿನಂಗಡಿಯ ಹಾಗೆ ಕೂರಬೇಕಂತೆ. ಅದರ ಮೇಲೆ ಇವತ್ತಿನ ಫೋನು, ಈ ಸಲ ಸೀಟಿ ನೀನು ಊದೋ, ಕೋವಿ ನಾನ್ ಹಿಡ್ಕೋತೀನಿ, ಯಾಕೆ, ಸುಮ್ನೆ ಕಣೋ, ಊದಿ ಊದಿ ತುಟಿ ಸೋತಿದೆ ನಂಗೂ, ಆ ಕಾಯೋಟೀಗಳಿಗೂ ಒಂದು ಹೊಸ ಬಾಯಿ ಬೇಕಲ್ಲ. ಸುಳ್ಳ. ಸಾಯುವ ಮೊಲದ ಹಾಗೆ ಊದುವುದೇ ಅವನ ಜಂಬ, ಆಕಾಶದ ಗಿಡುಗ ಮೋಸಹೋಗಿ ಇಳಿದದ್ದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾನೆ, ತುಟಿ ಸೋಲುವ ಆಸಾಮಿಯಲ್ಲ, ಕೋವಿ ಮಾತ್ರ ಯಾವತ್ತೂ ವರ್ಲಿನ್‌ನದು, ಊದುವವನೊಬ್ಬ ಹೊಡೆಯುವವನೊಬ್ಬ, ಗಂಡ ಹೆಂಡತಿಯ ಹಾಗೆ ನಡೆದುಬಂದದ್ದು. ಬಾಲ ಅಂಟಿಸಿದವನು ಕೀಟನ್ ಇರಬಹುದು, ಜೋಳದ ಉಗ್ರಾಣಕ್ಕೆ ಹೊಸದಾಗಿ ಬಂದ ಮ್ಯಾನೇಜರ್, ಲಿಂಕನ್ ಪೇಟೆಯವನು, ಹೊಸ ಕೋವಿ, ಹೊಸ ಬೂಟು, ಅವನೂ ಬಾಲ ಎಳೆಯುತ್ತಾನೆ, ಹೌದು, ಮೊದಲು ಕೈಗೆ ಸೀಟಿ ಕೊಡುವುದು, ಬರುವ ವರ್ಷ ಮನೆಯಲ್ಲೇ ಇರು ಮಾರಾಯ ಅನ್ನುವುದು, ಕಾಯೋಟ್ ಸಿಗುವ ಜಾಗಕ್ಕೆಲ್ಲ ನಕ್ಷೆಯಲ್ಲಿಟ್ಟ ಈ ಹದಿನಾಲ್ಕು ಕೆಂಪು ಚುಕ್ಕೆ ಮಾತ್ರ ಹೊತ್ತುಕೊಂಡು ಕೀಟನ್ ಜೊತೆ ಹೋಗುವುದು, ಒಂದೊಂದು ಚುಕ್ಕೆಗೂ ಮಂಡಿ ಸವೆಸಿದವನು ಯಾರು? ವರ್ಲಿನ್ ನಕ್ಷೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ.

ಅದೇನು ಗೊಣಗ್ತಿದ್ದೀಯ, ಆರ್ಲಿಸ್ ಬೆನ್ನು ತಿರುಗಿಸಿಕೊಂಡೇ ಕೇಳುತ್ತಾಳೆ, ಏನಿಲ್ಲ, ಗುರುವಾರ ಮರೀಬೇಡ, ಹತ್ತು ಗಂಟೆಗೆ ಕಣ್ಣಿನ ಡಾಕ್ಟ್ರು, ಯಾರಿಗೆ, ನಿಂಗೆ, ನನ್ ಕಣ್ಣಿಗೇನಾಗಿದೆ, ಏನೂ ಆಗಿಲ್ಲ ಅಂದ್ರೆ ಡಾಕ್ಟ್ರೇ ಹೇಳ್ಲಿ, ಅವರೇನಾದ್ರೂ ಅಂದ್ರೆ ಪ್ರಯಾಣ ಒಂದ್ ವಾರ ಮುಂದೆ ಹಾಕಿ, ನಿಮ್ ಕಾಯೋಟೀಗಳು ಎಲ್ಲಿಗೂ ಓಡಿಹೋಗಲ್ಲ — ಕಾಯೋಟೀ! ಒಮಾಹಾ ಪೇಟೆಯ ಹುಡುಗಿ, ಮೂವತ್ತೆಂಟು ವರ್ಷ ಇಲ್ಲಿ ಬಾಳಿಯೂ ಆ ಬಾಲ ಕತ್ತರಿಸದವಳು, ತಮಾಷೆ ಮಾಡಿದಷ್ಟೂ ಉದ್ದ ಎಳೆಯುವವಳು, ಇದೇ ಎಳೆತ, ಟಕಾರದ ಮೇಲೆ ಇದೇ ಒತ್ತು, ಕೀಟನ್ ಅಲ್ಲ, ಇವಳ ಬಾಯಿಂದ ಅಂಟಿದ್ದು. ಕಳೆದ ಮಂಗಳವಾರ ವರ್ಲಿನ್ ಮೇವು ತರಲು ಹೋಗಿ ಬಂದಾಗ ಎರಡು ಕಾಫಿ ಬಟ್ಟಲು ತೊಳೆದು ಬೋರಲು ಹಾಕಿತ್ತು, ಯಾರು ಬಂದಿದ್ರು, ಯಾರೂ ಇಲ್ಲಪ್ಪ, ನಾನೇ ಎರಡು ಸಲ ಕುಡಿದೆ, ಡೆಲ್ಮರ್‌ನ ಹೆಂಡತಿ ತೀರಿಕೊಂಡು ಮೂರು ವರ್ಷ, ಚರ್ಚಿನ ಊಟದಲ್ಲಿ ಇವಳ ಪಕ್ಕದಲ್ಲೇ ತಟ್ಟೆ ಇಡುತ್ತಾನೆ — ಛೀ, ಅರವತ್ತೇಳಕ್ಕೆ ಬಂದ ಮೇಲೆ ಇದೆಂಥ ಕೊಳಕು ಯೋಚನೆ, ಆದರೂ ಎರಡು ಬಟ್ಟಲು ಎರಡೇ, ಕದ್ದು ಕೂತು ಏನು ಮಾತಾಡಿದರು? ಪ್ರೀತಿಯ ಮಾತಾಡುವವರ ನಡುವೆ ಕಾಯೋಟ್ ಯಾಕೆ ಬರುತ್ತದೆ, ಅವನ ನಾಲಿಗೆಗೆ ಅಂಟುವಷ್ಟು ಸಲ ಯಾಕೆ ಬರುತ್ತದೆ, ಬೇಟೆಯ ಮಾತೇ ಆಡಿರಬೇಕು, ಟೋಪಿ, ಸೀಟಿ, ಕಣ್ಣಿನ ಡಾಕ್ಟ್ರು, ಮೂರನ್ನೂ ಇದೇ ಮೇಜಿನ ಮುಂದೆ ಕೂತು ಗೊತ್ತುಮಾಡಿದ್ದಾರೆ. ಎಷ್ಟು ಬನ್ನು ಕಟ್ಲಿ, ಹದಿನಾರು ಸಾಕಾ, ಅಂತ ಆರ್ಲಿಸ್ ಕೇಳಿದಳು.

ಅವನಿಗೆ ಗೊತ್ತಿಲ್ಲ, ಡೆಲ್ಮರ್‌ಗೆ ಗೊತ್ತಿರಲು ಸಾಧ್ಯವೇ ಇಲ್ಲ, ಅವನ ಬೆನ್ನು ಈ ಕಡೆಗಿತ್ತು, ಹೋದ ಫೆಬ್ರವರಿ, ಮೂರನೆಯ ದಿನ, ಸೀಟಿ ಊದಿ ಹದಿನೈದು ನಿಮಿಷ ಕಳೆದಿತ್ತು, ಕಾಯೋಟ್ ನೇರ ಬರುವುದಿಲ್ಲ, ಸುತ್ತುಹಾಕಿ ಗಾಳಿ ಹೋಗುವ ದಿಕ್ಕಿಗೆ ಬಂದು ಮೂಸುತ್ತದೆ, ಅದಕ್ಕೇ ವರ್ಲಿನ್ ಆ ದಿಕ್ಕಿಗೇ ಕೋವಿಯ ಮೇಲಿನ ದುರ್ಬೀನು ತಿರುಗಿಸಿದ್ದ, ಇಳಿಬಿಸಿಲು, ಹಿಮದ ಹೊಳಪು, ಕುರುಚಲಿನ ಹಿಂದೆ ಬೂದು ತುಪ್ಪಳ, ನೆಟ್ಟಗೆ ಎರಡು ಕಿವಿ, ಟಿಕ್ ಎಂದು ಗುಂಡು ತಡೆಯುವ ಸೇಫ್ಟಿ ತೆಗೆದ, ಅರ್ಧ ಉಸಿರು ಬಿಟ್ಟ, ಬೆರಳು ಒತ್ತಲು ಶುರುಮಾಡಿತ್ತು, ಆಗ ಕಿವಿಯಿಂದ ಒಂದು ದಾರ ಜೋತು ತೂಗಾಡಿತು, ಕಾಯೋಟ್‌ಗೆ ದಾರ ಇರುವುದಿಲ್ಲ, ಡೆಲ್ಮರ್‌ನ ಮೊಲದ ತುಪ್ಪಳದ ಟೋಪಿ, ಕಿವಿಪಟ್ಟಿ ಮೇಲೆತ್ತಿ ಕಟ್ಟಿದ್ದು — ಹೇಳದೆ ಜಾಗ ಬದಲಿಸಿದ್ದು ಅವನ ತಪ್ಪು, ಹೇಳಬೇಕಿತ್ತು — ಟಿಕ್, ಸೇಫ್ಟಿ ಹಾಕಿದ, ಡೆಲ್ಮರ್ ಎದ್ದು ಹಿಮ ಕೊಡವಿಕೊಂಡು ಬಂದ, ಇವತ್ತು ಒಂದೂ ಬರ್ಲಿಲ್ಲ ಕಣೋ, ಅಂದ, ಒಂದೇ ಲೋಟದಲ್ಲಿ ಇಬ್ಬರೂ ಕಾಫಿ ಕುಡಿದರು, ಆದರೆ ಗಾಳಿ ಇಲ್ಲಿಂದ ಅವನ ಕಡೆಗೇ ಬೀಸುತ್ತಿತ್ತಲ್ಲ, ಹಿಮದಡಿಯ ಇಲಿಯ ಸದ್ದು ಹಿಡಿಯುವ ಕಿವಿ ಅವನದು, ಎರಡು ಟಿಕ್, ಕೇಳಿಸಿದೆ, ದೇವರೇ, ಎರಡೂ ಕೇಳಿಸಿದೆ, ಒಂದು ವರ್ಷ ಬಾಯಿ ಬಿಡದೆ ಇದ್ದು ಮಂಗಳವಾರ ಆರ್ಲಿಸ್‌ಗೆ ಮಾತ್ರ ಹೇಳಿದ್ದಾನೆ, ಆದರೂ ಬರುತ್ತಾನಂತೆ, ಅದೇ ಪಿಕಪ್‌ನಲ್ಲಿ, ಅದೇ ಹಲಗೆಯ ಮೇಲೆ ಪಕ್ಕದಲ್ಲೇ ಮಲಗುತ್ತಾನಂತೆ, ಬೇಡಿದ್ದು ಮನುಷ್ಯನೆಂದು ದೂರದಿಂದಲೇ ಕಾಣಿಸುವ ಒಂದು ಟೋಪಿ, ಅದಕ್ಕೂ ಎರಡು ಅಂತ ಬರೆದು ಮರ್ಯಾದೆ ಉಳಿಸಿದ್ದಾನೆ — ವರ್ಲಿನ್, ಹದಿನಾರು ಸಾಕಾ, ದುಂಡನೆಯ ಗಾಜಿನೊಳಗೆ ಬೂದು ತುಪ್ಪಳ, ಎರಡು ಕಿವಿ, ದಾರ ತೂಗುತ್ತಿದೆ, ಅವನು ತಿರುಗುತ್ತಿಲ್ಲ, ಮೊದಲನೆಯ ಟಿಕ್ ಕೇಳಿಯೂ ತಿರುಗದೆ ಕೂತಿದ್ದಾನೆ, ದಾರ ತೂಗುತ್ತಿದೆ, ಬೆರಳು, ದಾರ