ಉಳಿದ ಒಂದೇ ಮಾತು

ಒಲೆಯ ಮೇಲೆ ಹಾಲಿನ ಚಹಾ ಕುದಿಯುತ್ತಿತ್ತು. ದುಲ್ಮಾ ಅದನ್ನು ಸೌಟಿನಿಂದ ಎತ್ತಿ ಎತ್ತಿ ಹೊಯ್ದಳು. ಮೊದಲ ಸೌಟನ್ನು ಬಾಗಿಲಾಚೆ ಆಕಾಶಕ್ಕೆ ನೈವೇದ್ಯವಾಗಿ ಚಿಮುಕಿಸಿ ಬಂದು ಉಪ್ಪಿನ ಚೀಲಕ್ಕೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು. ವಸಂತದಿಂದೀಚೆಗೆ ಬೆಳಗಿನ ಹೊತ್ತು ಅವಳ ಕೈ ಹೀಗೆ ನಿಲ್ಲುತ್ತಿತ್ತು.

"ಏನೇ ಅದು, ಉಪ್ಪಿನ ಹತ್ರ ಮಾತಾಡ್ತಿದೀಯಾ?" ಬೂಟು ಎಳೆದುಕೊಳ್ಳುತ್ತ ಗಂಡ ಗೊಂಬೋ ನಕ್ಕ. "ಹಾಕು ಮಾರಾಯ್ತಿ. ಉಪ್ಪಿಲ್ಲದ ಚಹಾನ ಕುರಿಮರೀನೂ ಮೂಸಲ್ಲ."

ಅವಳು ಹಾಕಿದಳು.

ಪಕ್ಕದ ಗುಡಾರದಲ್ಲಿ ಗೊಂಬೋನ ಅಣ್ಣ ಬಾಸಾನ್ ಮಲಗಿದ್ದ. ಹಿಮ ಕರಗುವ ಕಾಲದಲ್ಲಿ, ಮರಿಹಾಕುತ್ತಿದ್ದ ಕುರಿಯ ಪಕ್ಕದಲ್ಲೇ ಕುಸಿದಿದ್ದ. ರಕ್ತದೊತ್ತಡಕ್ಕೆ ತಲೆಯೊಳಗಿನ ನಾಳ ಒಡೆದಿದೆ ಎಂದಿದ್ದರು ಆಸ್ಪತ್ರೆಯವರು. ಬಲಗೈ ಬಲಗಾಲು ಹೋದವು. ಬಾಯಲ್ಲಿ ಒಂದೇ ಮಾತು ಉಳಿಯಿತು. "ಪರವಾಗಿಲ್ಲ." ಬದುಕಿಡೀ ಯಾರು ಏನು ಕೇಳಿದರೂ ಅವನು ಹೇಳುತ್ತ ಬಂದ ಮಾತದು. ಈಗ ಹಸಿವಾದರೂ ಅದೇ, ಚಳಿಯಾದರೂ ಅದೇ. ಕಣ್ಣಲ್ಲಿ ನೀರಿಳಿಯುವಾಗಲೂ "ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತಿದ್ದ.

ಅಂದು ಬಾಸಾನನನ್ನು ನೋಡಲು ಡಾಕ್ಟರು ಒಯೂನ್ ಮೋಟಾರುಬೈಕಿನಲ್ಲಿ ಬಂದಿದ್ದಳು. ಹೋಗುವ ಮುನ್ನ ಗೊಂಬೋನ ತೋಳಿಗೂ ರಕ್ತದೊತ್ತಡ ಅಳೆಯುವ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಮುಳ್ಳನ್ನು ನೋಡಿ ಅವಳ ಮುಖ ಬಿಗಿಯಿತು. ಮತ್ತೊಮ್ಮೆ ನೋಡಿದಳು.

"ಮಾವ, ಮಾತ್ರೆ ತಗೋತಿದೀರಾ?"

"ತಗೋತೀನಲ್ಲ. ಹಿಂದಲೆ ಭಾರ ಆದ ದಿನ."

"ದಿನಾ ತಗೋಬೇಕು ಅಂದಿದ್ದೆ."

"ನೋವಿಲ್ಲದ ದಿನ ಮದ್ದು ಯಾಕಮ್ಮ? ಇದು ನಾನು ದುಡಿಯೋಕೆ ಬೇಕಾದ ರಕ್ತದೊತ್ತಡ, ನನ್ನ ದುಡಿಮೆಯ ಒತ್ತಡ. ಇಷ್ಟಿದ್ರೇನೇ ನಂಗೆ ಕೈಕಾಲು ಆಡೋದು. ನಿನ್ನ ಮಾತ್ರೆ ತಗೊಂಡ ದಿನ ಮುದಿ ಒಂಟೆ ಥರ ಆಗ್ತೀನಿ."

ಆ ಬಯಲಿನ ಗಂಡಸರೆಲ್ಲ ಆಡುವ ಮಾತೇ ಅದು. ಪ್ರತಿಯೊಬ್ಬನಿಗೂ ಅವನವನದೇ ಒಂದು ದುಡಿಮೆಯ ಒತ್ತಡವಿತ್ತು; ಕುದುರೆಗೆ ಹಾಕಿದ ಮುದ್ರೆಯ ಹಾಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಬಾಸಾನನೂ ಹೇಳುತ್ತಿದ್ದ.

"ಮಾವ, ಒಂದು ಕುದುರೇನ ದಿನಾ ನಾಗಾಲೋಟದಲ್ಲೇ ಓಡಿಸಿ, ಇದೇ ಇದರ ನಡಿಗೆ ಅಂತೀರಾ?"

"ಒಳ್ಳೇ ಕುದುರೆ ಆದ್ರೆ ಓಡುತ್ತೆ."

"ಓಡುತ್ತೆ. ಬೀಳೋ ದಿನದವರೆಗೂ ಓಡುತ್ತೆ. ನೋವು ಬರಲಿ ಅಂತ ಕಾಯಬೇಡಿ, ಇದಕ್ಕೆ ನೋವೇ ಇಲ್ಲ. ಮಾತ್ರೆ ಶುರುವಾದಾಗ ಸುಸ್ತು ಅನ್ನಿಸಬಹುದು. ಹೇಳಿ, ಬದಲಾಯಿಸ್ತೀನಿ. ನೀವೇ ಬಿಡಬೇಡಿ. ಚಹಾಕ್ಕೆ ಉಪ್ಪು ಹಾಕೋದು ನಿಲ್ಲಿಸಿ. ಇದು ಇಳಿಯೋವರೆಗೆ ಕುದುರೆ ಹೊಡ್ಕೊಂಡು ದೂರದ ಹುಲ್ಲುಗಾವಲಿಗೆ ಒಬ್ಬರೇ ಹೋಗಬೇಡಿ."

"ನಮ್ಮಪ್ಪ ಉಪ್ಪು ಚಹಾ ಕುಡಿದೇ ಮುದುಕನಾದ, ಗೊತ್ತಾ?"

"ನಿಮ್ಮಣ್ಣನೂ ಅದನ್ನೇ ಕುಡೀತಿದ್ರು," ಎಂದು ದುಲ್ಮಾ ಬಾಯಿ ತಪ್ಪಿ ಅಂದುಬಿಟ್ಟಳು.

ಗೊಂಬೋ ಎದ್ದು ಹೊರಗೆ ಹೋದ. ಮಾತ್ರೆಯ ಡಬ್ಬಿ ಪೆಟ್ಟಿಗೆಯ ಮೇಲೆ, ದೇವರ ಪಟದ ಪಕ್ಕ, ಪೂಜೆಗಿಟ್ಟ ಹಾಗೆ ಉಳಿಯಿತು.

ಶರತ್ಕಾಲದ ಹುಲ್ಲು ಹಳದಿಯಾಗಿತ್ತು. ಗಂಡ ಕುದುರೆಗಳೊಂದಿಗೆ ದೂರದ ಹುಲ್ಲುಗಾವಲಿಗೆ ಹೊರಡುವ ದಿನ ಹತ್ತಿರವಾದಂತೆ ದುಲ್ಮಾಳ ಭಯ ಬೆಳೆಯಿತು. ಆ ದೂರದ ಕಣಿವೆಯಲ್ಲಿ ಫೋನು ಸಿಗುವುದಿಲ್ಲ. ಅಲ್ಲಿ ಬಿದ್ದರೆ ಮೊದಲು ತಿಳಿಯುವುದು ಹದ್ದುಗಳಿಗೆ. ಅವನು ಕುದುರೆಯ ರಿಕಾಪಿಗೆ ಕಾಲಿಡುವಾಗ ಅವಳು ಕಾಲನ್ನು ನೋಡುತ್ತಿದ್ದಳು. ನಕ್ಕರೆ ತುಟಿಯ ಎರಡೂ ತುದಿ ಮೇಲೇರಿದವೇ ಎಂದು ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಗೊಂಬೋ ಕುದುರೆ ಮಂದೆಯನ್ನು ಒಟ್ಟುಗೂಡಿಸಲು ಹೋಗಿದ್ದ. ಅವಳು ಮೊಸರುಗಟ್ಟಿಯನ್ನು ಬಿಸಿಲಿಗೆ ಹರಡುತ್ತಿದ್ದಾಗ ಅವನ ಕಂದು ಕುದುರೆ ಒಂದೇ ಬಂತು. ಲಗಾಮು ನೆಲದಲ್ಲಿ ಎಳೆದಾಡುತ್ತಿತ್ತು. ಜೀನು ಖಾಲಿ.

ದುಲ್ಮಾ ಕೂಗಲಿಲ್ಲ. ಕೂಗಿದರೆ ಅದು ನಿಜವಾಗಿಬಿಡುತ್ತದೆ ಎನ್ನಿಸಿತು. ಅದೇ ಕುದುರೆಯನ್ನೇರಿ, ಅದು ಬಂದ ದಾರಿಯಲ್ಲೇ ಓಡಿಸಿದಳು.

ದಿಬ್ಬದಾಚೆ ಗೊಂಬೋ ನೆಲದ ಮೇಲೆ ಕೂತಿದ್ದ. ಕುದುರೆ ಹಿಡಿಯುವ ಕುಣಿಕೆಗೋಲು ಪಕ್ಕದಲ್ಲಿ ಬಿದ್ದಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದು, ಬೇರೆ ಯಾರದೋ ಕೈ ಸಿಕ್ಕಿದವನಂತೆ ಅದನ್ನೇ ನೋಡುತ್ತಿದ್ದ.

"ಏನಾಯ್ತು? ಬಿದ್ರಾ? ಮಾತಾಡಿ!"

ಅವನು ಬಾಯಿ ತೆರೆದ. ತುಟಿ ಒಂದು ಕಡೆಗೆ ಜಾರಿತ್ತು. ಏನೋ ಹೇಳಲು ಹೆಣಗಿದ. ಕಡೆಗೆ ಬಂದದ್ದು, ತೊದಲುತ್ತ, ಅದೇ ಮಾತು.

"ಪ... ಪರವಾಗಿಲ್ಲ."

ಆ ಮಾತನ್ನು ಅವನೂ ಕೇಳಿಸಿಕೊಂಡ. ಅವನ ಕಣ್ಣಲ್ಲಿ ಮೂಡಿದ ಹೆದರಿಕೆಯನ್ನು ದುಲ್ಮಾ ಹಿಂದೆಂದೂ ಕಂಡಿರಲಿಲ್ಲ. ತೋಳದ ಮುಂದೆ ನಿಂತಾಗಲೂ ಇಲ್ಲ.

ಅವಳು ದಿಬ್ಬದ ತುದಿಗೆ ಓಡಿ ಒಯೂನಳಿಗೆ ಫೋನು ಮಾಡಿದಳು. ಜೀಪು ಬರುವಷ್ಟರಲ್ಲಿ ಕೈ ಆಡತೊಡಗಿತ್ತು, ನಾಲಿಗೆಯೂ ಸಡಿಲಾಗಿತ್ತು. "ಸರಿಹೋಯ್ತಲ್ಲ, ಮನೆಗೆ ಹೋಗೋಣ," ಎಂದ ಗೊಂಬೋ. ಒಯೂನ್ ಜೀಪಿನ ಬಾಗಿಲು ತೆರೆದು ಹಿಡಿದಳು. "ಇದು ಬಾಗಿಲು ತಟ್ಟಿ ಹೋಗಿದೆ ಮಾವ. ಮತ್ತೆ ಬಂದಾಗ ತಟ್ಟೋದಿಲ್ಲ. ಹತ್ತಿ, ಆಸ್ಪತ್ರೆಗೆ." ಅವನು ಹತ್ತಿದ.

ಆಸ್ಪತ್ರೆಯಿಂದ ಮರಳುವಷ್ಟರಲ್ಲಿ ನೆರೆಯವರು ಅವನ ಕುದುರೆಗಳನ್ನೂ ದೂರದ ಕಣಿವೆಗೆ ಹೊಡೆದುಕೊಂಡು ಹೋಗಿದ್ದರು. ಗೊಂಬೋ ಮೊದಲು ಅಣ್ಣನ ಗುಡಾರಕ್ಕೆ ಹೋದ. ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತ. "ಚಳಿ ಆಗ್ತಿದೆಯಾ ಅಣ್ಣ?" ಎಂದ. "ಪರವಾಗಿಲ್ಲ," ಎಂದ ಬಾಸಾನ್. ಗೊಂಬೋ ಎದ್ದು ಇನ್ನೊಂದು ಕಂಬಳಿ ಹೊದಿಸಿದ.

ಮರುದಿನ ಬೆಳಗ್ಗೆ ಅವನ ತಲೆ ಹಗುರವಾಗಿತ್ತು, ಎಲ್ಲೂ ನೋವಿರಲಿಲ್ಲ. ಪೆಟ್ಟಿಗೆಯ ಮೇಲಿನ ಡಬ್ಬಿ ಒಲೆಯ ಪಕ್ಕಕ್ಕೆ ಬಂದಿತ್ತು. ಅವನು ಮಾತ್ರೆ ನುಂಗಿ ಬಟ್ಟಲು ಚಾಚಿದ. ದುಲ್ಮಾ ಉಪ್ಪಿನ ಚೀಲ ಬಿಚ್ಚದೆಯೇ ಚಹಾ ಬಗ್ಗಿಸಿದಳು. ಒಂದು ಗುಟುಕಿಗೇ ಅವನು ಮುಖ ಕಿವುಚಿದ.

"ಹೇಗಿದೆ?" ಎಂದಳು, ಅವನ ತುಟಿಯ ಎರಡೂ ತುದಿಗಳನ್ನು ನೋಡುತ್ತ.

"ಪರ..." ಎಂದವನು ಅರ್ಧಕ್ಕೇ ನಿಂತ. ಪಕ್ಕದ ಗುಡಾರದ ಕಡೆ ಒಮ್ಮೆ ನೋಡಿದ.

"ಚೆನ್ನಾಗಿಲ್ಲ," ಎಂದ. "ಸ್ವಲ್ಪಾನೂ ಚೆನ್ನಾಗಿಲ್ಲ ಕಣೇ. ಇನ್ನೊಂದು ಬಟ್ಟಲು ಹಾಕು."